ಹಳೆಯ ಟೈಪ್ 1 ಡಯಾಬಿಟಿಸ್: ಸದ್ದಿಲ್ಲದೆ ಇಳಿಯುವ ಶುಗರ್ ಹಿಡಿಯುವುದು ಹೇಗೆ?

ಟೈಪ್ 1 ಬಂದು ಹದಿನೈದು, ಇಪ್ಪತ್ತು ವರ್ಷ ಆದವರಿಗೆ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಅಪಾಯ ಬೇರೆ ಕಡೆಯಿಂದ ಬರುತ್ತದೆ. ಮೊದಲೆಲ್ಲ ಶುಗರ್ ಇಳಿದರೆ ಕೈ ನಡುಗುತ್ತಿತ್ತು, ಬೆವರು ಬರುತ್ತಿತ್ತು, ಎದೆ ಡವಡವ ಅನ್ನುತ್ತಿತ್ತು, ಅಲ್ವಾ? ಪದೇ ಪದೇ ಲೋ ಆಗುತ್ತಿದ್ದರೆ, ಅಂದರೆ ಶುಗರ್ ತೀರಾ ಇಳಿಯುತ್ತಿದ್ದರೆ, ದೇಹ ಆ ಎಚ್ಚರಿಕೆ ಕೊಡುವುದನ್ನೇ ಕಡಿಮೆ ಮಾಡುತ್ತದೆ. 50ಕ್ಕೆ ಇಳಿದಿದ್ದರೂ ಆರಾಮಾಗಿ ಮಾತಾಡುತ್ತಿರುತ್ತಾರೆ, ಸ್ವಲ್ಪ ಹೊತ್ತಿಗೆ ಮಾತು ತಡವರಿಸಿ ಪ್ರಜ್ಞೆಯೇ ತಪ್ಪಬಹುದು. ಹಾಗಾಗಿ "ನನಗೆ ಗೊತ್ತಾಗುತ್ತೆ ಬಿಡಿ" ಅನ್ನಬೇಡಿ, ಮೀಟರ್ ನೋಡಿ.

ಮೊದಲು, ಯಾವಾಗ ನೋಡಬೇಕು? ಊಟಕ್ಕೆ ಮುಂಚೆ, ಮಲಗುವ ಮುಂಚೆ, ಗಾಡಿ ಓಡಿಸುವ ಮುಂಚೆ. ಹೊಲದಲ್ಲಿ ದುಡಿದ ದಿನ ಅಥವಾ ಜಾಸ್ತಿ ನಡೆದ ದಿನ ರಾತ್ರಿ ಮೂರು ಗಂಟೆ ಹೊತ್ತಿಗೆ ಒಂದು ಸಲ ಎದ್ದು ನೋಡಿ, ಯಾಕೆಂದರೆ ದುಡಿಮೆ ಮುಗಿದು ಎಷ್ಟೋ ಗಂಟೆ ಆದಮೇಲೂ ಶುಗರ್ ಇಳಿಯುತ್ತದೆ. ಮದುವೆ ಮನೆಗೆ ಹೋದಾಗ ಎಲೆ ಮುಂದೆ ಕೂರುವ ತನಕ ಊಟದ ಇನ್ಸುಲಿನ್ ತಗೊಳ್ಳಬೇಡಿ. ಬಡಿಸುವುದು ಎಷ್ಟು ತಡ ಆಗುತ್ತೋ ಹೇಳಲಾಗದು.

70ಕ್ಕಿಂತ ಕೆಳಗೆ ಬಂತಾ? ಮೂರು ಟೀ ಚಮಚ ಗ್ಲುಕೋಸ್ ಪುಡಿ ಅಥವಾ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಯಿರಿ, ಸುಮಾರು 15 ಗ್ರಾಂ ಆಗುತ್ತದೆ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಅಷ್ಟೇ. ಚಾಕೊಲೇಟ್ ಬೇಡ, ಅದರ ಕೊಬ್ಬಿನಿಂದ ಸಕ್ಕರೆ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ಮನೆಯವರಿಗೆ ಇದನ್ನು ಖಂಡಿತ ಹೇಳಿಡಿ: ಪ್ರಜ್ಞೆ ಇಲ್ಲದಾಗ ಬಾಯಿಗೆ ಏನೂ ಹಾಕಬಾರದು, ಉಸಿರುಗಟ್ಟುತ್ತದೆ. ಒಂದು ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಲಿ. ಮನೆಯಲ್ಲಿ ಗ್ಲುಕಗಾನ್ (ಶುಗರ್ ಬೇಗ ಏರಿಸುವ ತುರ್ತು ಔಷಧಿ) ಇದ್ದರೆ ಅದನ್ನು ಕೊಡಲಿ.

ಸುಮ್ನೆ ಲೋ ಆಗುತ್ತಿದೆ ಅನ್ನಿಸಿದರೆ ಚುಚ್ಚುವ ಜಾಗ ಮುಟ್ಟಿ ನೋಡಿ. ವರ್ಷಗಟ್ಟಲೆ ಒಂದೇ ಕಡೆ ಚುಚ್ಚಿದರೆ ಅಲ್ಲಿ ಗಂಟು ಕಟ್ಟಿರುತ್ತದೆ, ಇನ್ಸುಲಿನ್ ಒಂದು ದಿನ ಹಿಡಿಯುತ್ತದೆ, ಇನ್ನೊಂದು ದಿನ ಹಿಡಿಯುವುದಿಲ್ಲ. ಜಾಗ ಬದಲಿಸಿ, ಆದರೆ ಡಾಕ್ಟರಿಗೆ ಹೇಳಿಯೇ ಬದಲಿಸಿ. ಹೊಸ ಜಾಗದಲ್ಲಿ ಅದೇ ಡೋಸ್ ಜಾಸ್ತಿ ಆಗಬಹುದು. ಸಿರಿಂಜ್ ಕೊಳ್ಳುವಾಗಲೂ ಹುಷಾರು: ನಮ್ಮಲ್ಲಿ 40ರ ಇನ್ಸುಲಿನ್ನೂ (ಒಂದು ಮಿ.ಲೀ.ಗೆ 40 ಯೂನಿಟ್) ಇದೆ, 100ರದ್ದೂ ಇದೆ. 100ರದ್ದನ್ನು 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಮೈಗೆ ಹೋಗುತ್ತದೆ.

ಇಷ್ಟಕ್ಕೆ ಹೆದರಬೇಕಿಲ್ಲ. ಕೆಲವು ವಾರ ಲೋ ಆಗದಂತೆ ನೋಡಿಕೊಂಡರೆ ಎಷ್ಟೋ ಜನರಿಗೆ ಹಳೆಯ ಎಚ್ಚರಿಕೆಗಳು ಸ್ವಲ್ಪವಾದರೂ ಮರಳುತ್ತವೆ. ಅದಕ್ಕೆ ಶುಗರ್ ಗುರಿಯನ್ನು ಕೊಂಚ ಮೇಲಕ್ಕೆ ಇಡಬೇಕಾಗುತ್ತದೆ, ಎಷ್ಟು ಅಂತ ಡಾಕ್ಟರ್ ಹತ್ತಿರ ಕೇಳಿ. ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) ಚೆನ್ನಾಗಿ ಬರಲಿ ಅಂತ ಲೋ ಸಹಿಸಿಕೊಳ್ಳುವುದು ಬೇಡವೇ ಬೇಡ.

ಇನ್ನೊಂದು ತುದಿಯ ಮಾತು. ಲೋ ಹೆದರಿಕೆಯಿಂದ, ಉಪವಾಸ ಅಂತಲೋ, ಜ್ವರ ಬಂದು ಊಟ ಸೇರುತ್ತಿಲ್ಲ ಅಂತಲೋ ದಿನದ ಲಾಂಗ್ ಆ್ಯಕ್ಟಿಂಗ್ ಇನ್ಸುಲಿನ್ ನಿಲ್ಲಿಸಲೇಬೇಡಿ. ಡೋಸ್ ಬದಲಾಗಬಹುದು, ಪೂರ್ತಿ ಬಿಡುವಂತಿಲ್ಲ. ಶುಗರ್ 250 ದಾಟಿ ಇಳಿಯದಿದ್ದರೆ ಕೀಟೋನ್ (ಇನ್ಸುಲಿನ್ ಸಾಲದಾಗ ರಕ್ತದಲ್ಲಿ, ಮೂತ್ರದಲ್ಲಿ ಸೇರುವ ಆಮ್ಲ) ಪರೀಕ್ಷೆ ಮಾಡಿ ನೋಡಿ. ಜೊತೆಗೆ ವಾಂತಿ, ಹೊಟ್ಟೆನೋವು, ಏದುಸಿರು ಇದ್ದರೆ ಬೆಳಗಾಗಲಿ ಅಂತ ಕಾಯದೆ ಆಗಲೇ ಆಸ್ಪತ್ರೆಗೆ ಹೊರಡಿ.