ಮದುವೆಗೆ ಯಾರನ್ನು ಕರೆಯೋಣ, ಯಾರನ್ನು ಬಿಡೋಣ?

ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮುಂಚೆ ಮನೆಯವರೆಲ್ಲ ಕೂತು ಹೆಸರು ಬರೆಯಲು ಶುರು ಮಾಡುತ್ತಾರೆ. ಮಲಗುವ ಹೊತ್ತಿಗೆ ಪಟ್ಟಿ ಸಾವಿರ ದಾಟಿರುತ್ತದೆ, ಅಪ್ಪ ಅಮ್ಮನ ನಡುವೆ ಮಾತು ನಿಂತಿರುತ್ತದೆ. ಎಲೆ ಲೆಕ್ಕ ಮಾಡದೆ ಹೆಸರಿಗೆ ಕೈ ಹಾಕಿದರೆ ಆಗುವುದೇ ಇಷ್ಟು.

ಮೊದಲು ಛತ್ರದ ಊಟದ ಹಾಲ್ ನೋಡಿಕೊಂಡು ಬನ್ನಿ. ಪಂಕ್ತಿಗೆ 200 ಜನ ಕೂರುವಂತಿದ್ದರೆ ಮೂರು ಪಂಕ್ತಿಗೆ 600 ಎಲೆ. ನಾಲ್ಕನೇ ಪಂಕ್ತಿ ನೆಚ್ಚಬೇಡಿ. ಅಷ್ಟೊತ್ತಿಗೆ ಹೋಳಿಗೆ ತಳ ಕಂಡಿರುತ್ತದೆ, ಬಡಿಸುವವರಿಗೂ ಸಾಕಾಗಿರುತ್ತದೆ. ಈ 600ರಲ್ಲಿ ಬೀಗರ ಕಡೆಗೆಷ್ಟು ಎಂಬುದನ್ನು ಆಗಲೇ ಕೇಳಿ. ‘ನಮ್ಮವರು ಸ್ವಲ್ಪ ಜನ’ ಎಂದರೆ ಒಪ್ಪಿಕೊಳ್ಳಬೇಡಿ, ನಗುನಗುತ್ತಲೇ ಅಂಕಿ ಬರೆಸಿಕೊಳ್ಳಿ.

ಆಮೇಲೆ ಅಟ್ಟದಿಂದ ಹಳೇ ಮುಯ್ಯಿ ಪುಸ್ತಕ ಇಳಿಸಿ. ಹಿರಿಮಗಳ ಮದುವೆಯದ್ದೋ ಗೃಹಪ್ರವೇಶದ್ದೋ ಇದ್ದೇ ಇರುತ್ತದೆ. ‘ಡೇರಿ ಸೆಕ್ರೆಟರಿ – 101, ಮೇಲಿನ ಬೀದಿ ಟೈಲರ್ – 51’ ಎಂದು ಬರೆದಿರುವ ಆ ಪುಸ್ತಕಕ್ಕಿಂತ ಒಳ್ಳೆಯ ಪಟ್ಟಿ ಮೊಬೈಲ್ ಕಾಂಟ್ಯಾಕ್ಟ್‌ನಲ್ಲಿ ಸಿಗುವುದಿಲ್ಲ. ನಮ್ಮ ಮನೆಗೆ ಬಂದು ಉಂಡು ಹೋದವರು ಯಾರು ಎಂಬುದಕ್ಕೆ ಅದೇ ಸಾಕ್ಷಿ. ತೀರಿಹೋದವರಿದ್ದರೆ ಅವರ ಮಕ್ಕಳ ಹೆಸರು ಬರೆದುಕೊಳ್ಳಿ. ಆ ಮನೆಯ ಬಾಗಿಲು ಬಿಟ್ಟು ಪಕ್ಕದ ಮನೆಗೆ ಪತ್ರಿಕೆ ಕೊಟ್ಟರೆ ಊರಿಡೀ ಮಾತಾಗುತ್ತದೆ.

ಪ್ರತಿ ಹೆಸರಿನ ಮುಂದೆ ತಲೆ ಎಷ್ಟು ಎಂದು ಬರೆಯಿರಿ. ‘ಮನೆಮಂದಿಯೆಲ್ಲ ಬನ್ನಿ’ ಎಂದು ಕೊಟ್ಟ ಒಂದು ಪತ್ರಿಕೆ ಐದು ಎಲೆಯಾಗಬಹುದು. ಮನೆಗೊಬ್ಬರು ಬರುವ ವಾಡಿಕೆಯಿರುವ ಹಳ್ಳಿಯಾದರೆ ಒಂದೇ.

ಲೆಕ್ಕ ಮೀರಿತೇ? ಇಲ್ಲೇ ಎಲ್ಲರೂ ಎಡವುವುದು. ಅವರೊಬ್ಬರು ಬೇಡ, ಇವರೊಬ್ಬರು ಬೇಡ ಎಂದು ಹೆಸರು ಹೆಕ್ಕಿ ತೆಗೆಯುತ್ತಾರೆ. ನನ್ನ ಪ್ರಕಾರ ಬಿಡುವುದಾದರೆ ಸಾಲು ಸಮೇತ ಬಿಡಬೇಕು. ದೊಡ್ಡಪ್ಪನ ನಾಲ್ಕು ಮಕ್ಕಳಲ್ಲಿ ಮೂವರನ್ನು ಕರೆದು ಒಬ್ಬನನ್ನು ಬಿಟ್ಟರೆ ಅದು ಜಗಳ. ಅಜ್ಜಿಯ ಚಿಕ್ಕಪ್ಪನ ಕಡೆಯವರನ್ನು ಯಾರನ್ನೂ ಕರೆಯದಿದ್ದರೆ ಅದು ಅನಿವಾರ್ಯ. ಆಫೀಸಾದರೆ ಇಡೀ ಸೆಕ್ಷನ್, ಇಲ್ಲವೇ ಯಾರೂ ಬೇಡ. 2020ರಲ್ಲಿ ಕೊರೊನಾ ನಿಯಮ ಮದುವೆಗೆ 50 ಜನರ ಮಿತಿ ಹಾಕಿದಾಗ ಹೆಚ್ಚಿನವರು ಮುನಿಸಿಕೊಳ್ಳಲಿಲ್ಲ, ಏಕೆಂದರೆ ಕತ್ತರಿ ಎಲ್ಲರ ಮೇಲೂ ಬಿದ್ದಿತ್ತು.

ಸ್ನೇಹಿತರು, ಸಹೋದ್ಯೋಗಿಗಳನ್ನು ಹಿಂದಿನ ಸಂಜೆಯ ರಿಸೆಪ್ಷನ್‌ಗೆ ಕರೆಯಿರಿ. ಬೆಳಗಿನ ಧಾರೆ ನೆಂಟರಿಗಿರಲಿ. ಹಳೇ ಮೈಸೂರು ಕಡೆ ಬೀಗರೂಟಕ್ಕೆ ಬೇರೆಯೇ ಪಟ್ಟಿ ಬೇಕು. ಧಾರೆಗೆ ಕರೆಯದಿದ್ದರೂ ಕ್ಷಮಿಸುವವರುಂಟು, ಬಾಡೂಟಕ್ಕೆ ಮರೆತರೆ ಕ್ಷಮೆಯಿಲ್ಲ!

ಪತ್ರಿಕೆ ಬಂದ ಮೇಲೆ ಮೊದಲನೆಯದು ಮನೆದೇವರಿಗೆ, ಆಮೇಲೆ ಸೋದರಮಾವನಿಗೆ. ಹಿರಿಯರಿರುವ ಮನೆಗೆ ಅರಿಶಿನ ಕುಂಕುಮ ಹಿಡಿದು ದಂಪತಿಯೇ ಹೋಗಬೇಕು. ಉಳಿದವರಿಗೆ ವಾಟ್ಸ್‌ಆ್ಯಪ್ ಸಾಕು, ಆದರೆ ಹಿಂದೆಯೇ ಒಂದು ಫೋನ್ ಮಾಡಿ. ಗ್ರೂಪಿಗೆ ಹಾಕಿ ಸುಮ್ಮನಾದರೆ ಯಾರನ್ನೂ ಕರೆದಂತಾಗುವುದಿಲ್ಲ.

ಹೆಸರು ಬರೆಯದ ಇಪ್ಪತ್ತು ಪತ್ರಿಕೆ ಬೀರುವಿನಲ್ಲಿಟ್ಟಿರಿ. ಚಪ್ಪರ ಹಾಕುವ ದಿನ ‘ಅಯ್ಯೋ, ಅವರನ್ನೇ ಮರೆತೆವಲ್ಲ’ ಎಂದು ಯಾರಾದರೂ ನೆನಪಿಸಿಯೇ ತೀರುತ್ತಾರೆ.