ನೀರಿಗೆ ಬಿಡಬೇಡಿ, ಅದು ಮುಳುಗುತ್ತೆ

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಏಳನೇ ಕ್ಲಾಸಿನಲ್ಲಿದ್ದಾಗ ಕೋಲಾರದ ಕಡೆ ನಮ್ಮ ಮಾವಿನ ತೋಪಿನಲ್ಲಿ ಒಂದು ಆಮೆ ಸಿಕ್ಕಿತ್ತು, ಕಪ್ಪು ಬೆನ್ನ ಮೇಲೆ ಹಳದಿ ಗೆರೆಗಳು, ನಕ್ಷತ್ರ ಬಿಡಿಸಿದ ಹಾಗೆ. ಪಾಪ, ನೀರಿಲ್ಲದೆ ಒದ್ದಾಡ್ತಿದೆ ಅಂದುಕೊಂಡು ಎತ್ತಿಕೊಂಡು ಹೋಗಿ ಬಾವಿಗೆ ಬಿಟ್ಟೆ. ನಕ್ಷತ್ರ ಆಮೆಗೆ ಈಜು ಬರಲ್ಲ ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ.

ಕೆರೆಯದಕ್ಕೂ ಕಡಲಿನದಕ್ಕೂ ಕುರುಚಲು ಕಾಡಿನದಕ್ಕೂ ನಾವು ಆಮೆ ಅಂತಲೇ ಕರೆಯುತ್ತೇವೆ ಅಲ್ವಾ, ಯಡವಟ್ಟು ಆಗೋದೇ ಅಲ್ಲಿ. ಕಾಲು ನೋಡಿದರೆ ಸಾಕು. ಕೆರೆಯದಕ್ಕೆ ಬೆರಳುಗಳ ನಡುವೆ ಬಾತುಕೋಳಿಗಿರುವಂಥ ಪೊರೆ ಇರುತ್ತೆ, ಇದರದ್ದು ಆನೆ ಕಾಲಿನ ಥರ ಗುಂಡಗೆ.

ಆ ಬಾವಿಯ ಋಣಕ್ಕೋ ಏನೋ, ಆಮೆ ಹುಚ್ಚು ಹಿಡಿಯಿತು. ಮಳೆ ಬಿದ್ದ ಮೇಲೆ ಬೆಳಿಗ್ಗೆ, ಸಂಜೆ ತೋಪಿನ ಅಂಚಿನಲ್ಲಿ ಸುಮ್ನೆ ಕೂರುತ್ತೇನೆ. ಹುಲ್ಲು ಮೇಯುತ್ತಾ, ಉದುರಿದ ಹಣ್ಣು ಕಚ್ಚುತ್ತಾ ಬರುತ್ತವೆ. ಹೆಣ್ಣು ದೊಡ್ಡದು. ಗಂಡಿಗೆ ಬಾಲ ಉದ್ದ, ಹೊಟ್ಟೆಯ ಕಡೆ ಚಿಪ್ಪು ಒಳಕ್ಕೆ ಬಾಗಿರುತ್ತೆ. ಇದನ್ನು ನೋಡಬೇಕು ಅಂತ ಮೊದಮೊದಲು ಎತ್ತಿ ಎತ್ತಿ ತಿರುಗಿಸುತ್ತಿದ್ದೆ. ಆದರೆ ಗಾಬರಿಯಾದರೆ ಅದು ಮೂತ್ರ ಬಿಟ್ಟುಬಿಡುತ್ತೆ, ಬೇಸಿಗೆಗೆ ಅಂತ ಒಳಗೆ ಕೂಡಿಟ್ಟುಕೊಂಡ ನೀರೇ ಅದು. ಈಗ ಮುಟ್ಟುವುದಿಲ್ಲ.

ಹೋದ ವರ್ಷ ನಮ್ಮ ಬೀದಿಯ ಅತ್ತೆಯೊಬ್ಬರು ಒಂದನ್ನು ಟಬ್ಬಿನಲ್ಲಿ ಇಟ್ಟುಕೊಂಡಿದ್ದರು, ಕುತ್ತಿಗೆ ಮಟ್ಟ ನೀರು, ಪಕ್ಕದಲ್ಲಿ ಹಾಲನ್ನ. ಆಮೆ ಹೊಕ್ಕರೆ ಮನೆಗೆ ಕೇಡು ಅನ್ನೋರು ಒಂದು ಕಡೆ, ಇದ್ದರೆ ದುಡ್ಡು ಬರುತ್ತೆ ಅನ್ನೋರು ಇನ್ನೊಂದು ಕಡೆ. ಅತ್ತೆ ಎರಡನೇ ಪಕ್ಷ. ಕಾನೂನಿನಿಂದ ಶುರು ಮಾಡಿ ಕೆಟ್ಟೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಸಾಕಿದರೆ ಕೇಸು ಅಂದೆ, ಬಾಗಿಲು ಹಾಕಿಕೊಂಡರು! ಎರಡು ದಿನ ಬಿಟ್ಟು ಹೋಗಿ ನನ್ನ ಬಾವಿ ಕಥೆ ಹೇಳಿದೆ. "ಅಯ್ಯೋ, ಮುಳುಗುತ್ತೇನೋ ಇದು?" ಅಂದವರೇ ಟಬ್ಬಿನ ನೀರು ಚೆಲ್ಲಿದರು.

ಆಮೇಲೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿದೆ. ಬರುವವರೆಗೆ ರಟ್ಟಿನ ಡಬ್ಬಿಗೆ ತೂತು ಮಾಡಿ, ಒಣಹುಲ್ಲು ಹಾಸಿ, ನೆರಳಲ್ಲಿ ಇಟ್ಟೆವು. ತೋಪಿಗೇ ಬಿಡೋಣ ಅಂತ ಅತ್ತೆ ಹೇಳಿದರು, ನಾನು ಬೇಡ ಅಂದೆ. ಎಲ್ಲಿಂದ ಬಂದಿದ್ದೋ, ರೋಗ ಇದೆಯೋ ಏನೋ, ನೋಡದೆ ಬಿಟ್ಟರೆ ತೋಪಿನ ಆಮೆಗಳಿಗೂ ಅಂಟಬಹುದು. ದಕ್ಷಿಣದವೂ ವಾಯವ್ಯ ಭಾರತದವೂ ವಂಶದಲ್ಲೇ ಬೇರೆ ಬೇರೆ, ಬೆರೆಸಬಾರದು. 2018ರಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳು ಬೆಂಗಳೂರಿಗೆ ವಾಪಸ್ ಬಂದವು, ಅವನ್ನೂ ಇಳಿದ ಕೂಡಲೇ ಕಾಡಿಗೆ ಬಿಡಲಿಲ್ಲ. 2019ರಿಂದ ಇವುಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪೂರ್ತಿ ತಡೆ ಇದೆ, ಆದರೂ ಸೂಟ್‌ಕೇಸಿನಲ್ಲಿ ಕದ್ದು ಸಾಗಿಸೋದು ನಿಂತಿಲ್ಲ. ಅದಕ್ಕೇ ಫೋಟೋ ಹಾಕಿದರೂ ನಾನು ಊರಿನ ಹೆಸರು ಹಾಕಲ್ಲ, ಇಲ್ಲೂ ಅಷ್ಟೇ.

ಇಲಾಖೆಯವರು ಸಂಜೆ ಬಂದು ತೆಗೆದುಕೊಂಡು ಹೋದರು. ಅತ್ತೆ ಒಂದು ವಾರ ನನ್ನ ಹತ್ತಿರ ಮಾತಾಡಲಿಲ್ಲ. ಈಗ ಆ ಟಬ್ಬಿನಲ್ಲಿ ದೊಡ್ಡಪತ್ರೆ ಬೆಳೆಸಿದ್ದಾರೆ, ಮೊನ್ನೆ ತಂಬುಳಿಗೆ ಅಂತ ನಾಲ್ಕು ಎಲೆ ಕೊಟ್ಟರು.