ಕ್ಯಾರವಾನಿನೊಳಗೆ ಕೆಂಪು ದೂಳು ನುಗ್ಗದಿರಲು

ಆಸ್ಟ್ರೇಲಿಯಾದ ಊಡ್ನಡಾಟಾ ಟ್ರ್ಯಾಕ್ ಎಂಬ ದಾರಿ ಮುಗಿಸಿ ಬಂದ ಕ್ಯಾರವಾನಿನ, ಅಂದರೆ ಕಾರಿನ ಹಿಂದೆ ಎಳೆದೊಯ್ಯುವ ಮನೆಗಾಡಿಯ, ಬಾಗಿಲು ತೆರೆದರೆ ಸಾಕು, ಬಂದವರು ಹೊಸಬರೋ ಪಳಗಿದವರೋ ಗೊತ್ತಾಗಿಬಿಡುತ್ತದೆ. ಹಾಸಿಗೆಯ ಮೇಲೆ ಕೆಂಪು, ಸಕ್ಕರೆ ಡಬ್ಬಿಯ ಅಂಚಿನಲ್ಲಿ ಕೆಂಪು, ಮಡಚಿಟ್ಟ ಟವೆಲಿನ ಮಡಿಕೆಯಲ್ಲೂ ಕೆಂಪು. ‘ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿದ್ದೆವಲ್ಲ ಆಂಟಿ’ ಎಂದು ಮುಖ ಸಣ್ಣದು ಮಾಡುತ್ತಾರೆ. ಎಲ್ಲವನ್ನೂ ಮುಚ್ಚಿದ್ದರಿಂದಲೇ ಹೀಗಾಯಿತು ಎಂದರೆ ನನ್ನನ್ನೇ ವಿಚಿತ್ರವಾಗಿ ನೋಡುತ್ತಾರೆ.

ಪೋರ್ಟ್ ಅಗಸ್ಟಾದಿಂದ ಡಾರ್ವಿನ್‌ವರೆಗಿನ ಸ್ಟುವರ್ಟ್ ಹೈವೇ ಪೂರ್ತಿ ಡಾಂಬರು. ಅಲ್ಲಿ ಈ ತಾಪತ್ರಯವಿಲ್ಲ. ಆದರೆ ಮರ್‍ರಿಯಿಂದ ವಿಲಿಯಂ ಕ್ರೀಕ್, ಊಡ್ನಡಾಟಾ ದಾಟಿ ಮಾರ್ಲಾ ತಲುಪುವ 600 ಕಿಲೋಮೀಟರಿಗೂ ಹೆಚ್ಚಿನ ಈ ಊಡ್ನಡಾಟಾ ಟ್ರ್ಯಾಕ್, ಹಳೆಯ ಘಾನ್ ರೈಲಿನ ಜಾಡಿನ ಪಕ್ಕದ್ದು, ಮಣ್ಣಿನ ರಸ್ತೆ. ಅಲ್ಲಿನ ದೂಳು ಮೈದಾ ಹಿಟ್ಟಿಗಿಂತ ನುಣುಪು. ನಾನು ಹುಟ್ಟಿ ಬೆಳೆದದ್ದು ಸಂಡೂರಿನ ಕಡೆ. ಅದಿರಿನ ಲಾರಿಗಳ ಕೆಂಪು ದೂಳಿನಲ್ಲೇ ಅಮ್ಮ ಹಪ್ಪಳ ಒಣಗಿಸುತ್ತಿದ್ದಳು. ಒಂದು ಹಪ್ಪಳಕ್ಕೂ ಬಣ್ಣ ಹತ್ತುತ್ತಿರಲಿಲ್ಲ. ಗಾಳಿ ಯಾವ ಕಡೆಯಿಂದ ಬರುತ್ತದೆಂದು ನೋಡದೆ ಅವಳು ಚಾಪೆ ಹಾಸಿದವಳೇ ಅಲ್ಲ. ಇಲ್ಲಿ ಬೇಕಾದದ್ದೂ ಅದೇ ಬುದ್ಧಿ.

ಗಾಡಿ ಓಡುವಾಗ ಕ್ಯಾರವಾನಿನ ಹಿಂದೆ ಗಾಳಿ ಸಡಿಲವಾಗುತ್ತದೆ. ಒಳಗಿನ ಗಾಳಿಯನ್ನು ಅದು ಹೊರಗೆಳೆಯುತ್ತದೆ. ಖಾಲಿಯಾದ ಜಾಗ ತುಂಬಲು ಬಾಗಿಲ ಕೆಳಗಿನ ಸಂದು, ಫ್ರಿಜ್ಜಿನ ಜಾಲರಿ, ಸಿಂಕಿನ ಕೊಳವೆ ಇಳಿದ ತೂತು, ಎಲ್ಲ ಕಡೆಯಿಂದಲೂ ದೂಳು ಒಳಗೆ ನುಗ್ಗುತ್ತದೆ. ಆದ್ದರಿಂದ ಶುದ್ಧ ಗಾಳಿಯನ್ನು ನಾವಾಗಿಯೇ ಮೇಲಿನಿಂದ ಒಳಗೆ ತುಂಬಬೇಕು.

ಚಾವಣಿಯ ಗವಾಕ್ಷಿಗಳಲ್ಲಿ ಅತಿ ಮುಂದಿನದನ್ನು ಮಾತ್ರ, ಅದೂ ಮುಂದಿನ ಅಂಚನ್ನಷ್ಟೇ, ಎರಡು ಬೆರಳು ತೂರುವಷ್ಟು ಎತ್ತಿ. ಹಿಂದಿನ ಅಂಚು ಕೂತೇ ಇರಬೇಕು. ಉಳಿದ ಗವಾಕ್ಷಿ, ಕಿಟಕಿಗಳನ್ನೆಲ್ಲ ಬಿಗಿಯಾಗಿ ಹಾಕಿ. ತೆರೆದ ಗವಾಕ್ಷಿಗೆ ಒಳಗಿನಿಂದ ಹಳೆಯ ಹತ್ತಿ ಸೀರೆಯ ತುಂಡನ್ನು ಎರಡು ಮಡಿಕೆ ಮಾಡಿ, ಎಲ್ಲೂ ಜೋಲದಂತೆ ಎಳೆದು ಕಟ್ಟಿ. ನಾಲ್ಕು ಮಡಿಕೆ ಬೇಡ, ಗಾಳಿಯೇ ಬಾರದು. ಪಾಲಿಯೆಸ್ಟರ್ ಸೀರೆ ಬೇಡವೇ ಬೇಡ. ತೊಳೆದು ತೊಳೆದು ಮೆತ್ತಗಾದ ಹತ್ತಿಯಾಗಿದ್ದರೆ ಎಳೆಗಳು ಉಬ್ಬಿಕೊಂಡು ದೂಳನ್ನು ಹಿಡಿದುಕೊಳ್ಳುತ್ತವೆ. ನಮ್ಮ ಸೊಸೆ ಒಮ್ಮೆ ಜಾಣತನ ತೋರಿಸಲು ಬಟ್ಟೆಯನ್ನು ಒದ್ದೆ ಮಾಡಿ ಕಟ್ಟಿದಳು. ಸಂಜೆಯ ಹೊತ್ತಿಗೆ ಕೆಸರು ಹಾಸಿಗೆಗೆ ತೊಟ್ಟಿಕ್ಕಿತ್ತು. ಒಣ ಬಟ್ಟೆಯನ್ನೇ ಕಟ್ಟಬೇಕು. ಪ್ರತಿ ರಾತ್ರಿ ಬಿಚ್ಚಿ ಹೊರಗೆ ಕೊಡವಬೇಕು.

ಇಷ್ಟು ಮಾಡಿ, ಬಾಗಿಲ ಹೊಸ್ತಿಲ ಒಳಬದಿಗೆ ಒಂದು ಬಿಳಿ ಕರವಸ್ತ್ರ ಹಾಸಿ ಹೊರಡಿ. ಮೊದಲ ತಂಗುದಾಣದಲ್ಲಿ ಅದನ್ನು ನೋಡಿ. ಕೆಂಪು ಗೆರೆ ಎಲ್ಲಿ ಮೂಡಿದೆಯೋ ಅಲ್ಲೇ ಬಾಗಿಲಂಚಿನ ರಬ್ಬರ್ ಪಟ್ಟಿ ಸವೆದಿದೆ ಎಂದರ್ಥ. ಮುಂದೆ ಬೇರೆ ವಾಹನವಿದ್ದರೆ ಅದರ ದೂಳು ನೆಲಕ್ಕೆ ಕೂರುವಷ್ಟು ಹಿಂದೆ ಉಳಿಯಿರಿ, ಊಟಕ್ಕೇನೂ ತಡವಾಗುವುದಿಲ್ಲ. ಡಾಂಬರು ಸಿಕ್ಕಿ ವೇಗ ಹೆಚ್ಚಿಸುವ ಮುನ್ನ ಗವಾಕ್ಷಿ ಮುಚ್ಚುವುದನ್ನು ಮರೆತೀರಿ, ಮುಚ್ಚಳವೇ ಹಾರಿಹೋದೀತು.

ಇನ್ನು ಕೆಲವರು ಬಾಗಿಲ ಕೆಳಗಿನ ಗಾಳಿಕಿಂಡಿಗಳಿಗೆ ಟೇಪು ಅಂಟಿಸುತ್ತಾರೆ. ಅಂಟಿಸಿ, ಆದರೆ ಒಲೆ ಹಚ್ಚುವ ಮುನ್ನ ಕಿತ್ತು ಹಾಕದಿದ್ದರೆ ನಿಮ್ಮಂಥ ಮೂರ್ಖರಿಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಅದು ಹೊರಹೋಗಲೆಂದೇ ಆ ಕಿಂಡಿಗಳನ್ನು ಅಷ್ಟು ಕೆಳಗೆ ಇಟ್ಟಿರುವುದು. ಗಾಡಿ ಓಡುವಾಗ ಸಿಲಿಂಡರ್ ಬಂದ್ ಆಗಿರಬೇಕೆಂದು ಬೇರೆ ಹೇಳಬೇಕೇ?

ಆ ರಸ್ತೆಯ ಉದ್ದಕ್ಕೂ ಎದ್ದಿರುವ ಉಬ್ಬುತಗ್ಗುಗಳಲ್ಲಿ ಡಬ್ಬಿಗಳು ದಿನವಿಡೀ ಕುಲುಕುತ್ತವೆ. ಬೇಳೆ, ರವೆ ಡಬ್ಬಿಗಳನ್ನು ಕಂಠಮಟ್ಟ ತುಂಬಿ. ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಗಳು ಒಂದಕ್ಕೊಂದು ಉಜ್ಜಿ ತೂತಾಗುತ್ತವೆ. ಒಂದೊಂದಕ್ಕೂ ಹಳೆಯ ಕಾಲುಚೀಲ ತೊಡಿಸಿ. ಈ ಕುಲುಕಾಟದಿಂದ ಲಾಭವೂ ಉಂಟು: ಬಿಗಿ ಮುಚ್ಚಳದ ಬಕೆಟ್ಟಿಗೆ ಬಟ್ಟೆ, ನೀರು, ಚಿಟಿಕೆ ಸೋಪುಪುಡಿ ಹಾಕಿ ಮೂಲೆಯಲ್ಲಿ ಕಟ್ಟಿಟ್ಟರೆ ಊರು ಸೇರುವಷ್ಟರಲ್ಲಿ ಬಟ್ಟೆ ಒಗೆದಿರುತ್ತದೆ. ಸೋಪು ಹೆಚ್ಚು ಹಾಕಬೇಡಿ, ಹಿಂಡಿ ಜಾಲಿಸಲು ಅಲ್ಲಿ ನೀರಿಲ್ಲ.

ಬೋರ್ ನೀರಿನಲ್ಲಿ ತೊಗರಿಬೇಳೆ ಬೇಯಲಿಲ್ಲ ಎಂದು ಕುಕ್ಕರನ್ನು ಬೈಯಬೇಡಿ. ಗಡಸು ನೀರು, ಬೇಯುವುದು ಕಷ್ಟವೇ. ಸಾರಿಗೆಂದೇ ಊರ ನೀರಿನ ಒಂದು ಕ್ಯಾನ್ ಬೇರೆ ಇಡಿ, ಅದರಲ್ಲಿ ಕೈ ತೊಳೆಯುವವರ ಕೈಗೆ ಒಂದು ಏಟು ಕೊಡಿ.

ದಕ್ಷಿಣದ ನಲ್ಲಾರ್ಬರ್ ಬಯಲಿನ ಕಡೆಯಿಂದ ಪಶ್ಚಿಮ ಆಸ್ಟ್ರೇಲಿಯಾ ರಾಜ್ಯಕ್ಕೆ ಹೋಗುವವರಿಗೆ ಗಡಿಯ ಬಾರ್ಡರ್ ವಿಲೇಜಿನಲ್ಲಿ ತಪಾಸಣೆಯಿದೆ. ಹಸಿ ಹಣ್ಣು, ತರಕಾರಿ, ಜೇನುತುಪ್ಪ ಅಲ್ಲೇ ಬಿಟ್ಟುಹೋಗಬೇಕು. ವಾಪಸು ಬರುವಾಗ ದಕ್ಷಿಣ ಆಸ್ಟ್ರೇಲಿಯಾದ ಸೆಡ್ಯೂನಾ ಊರಿನಲ್ಲಿ ಹಣ್ಣು ತರಕಾರಿಗೆ ಮತ್ತೆ ತಪಾಸಣೆ. ಮೂಟೆಗಟ್ಟಲೆ ಈರುಳ್ಳಿ ಕೊಂಡುಹೋಗಿ ಗೇಟಿನಲ್ಲಿ ಅಧಿಕಾರಿಯೊಡನೆ ವಾದಿಸುವವರನ್ನು ಕಂಡಿದ್ದೇನೆ. ಹಿಂದಿನ ರಾತ್ರಿಯೇ ಉಳಿದ ತರಕಾರಿಯನ್ನೆಲ್ಲ ಹಾಕಿ ಕೂಟು ಮಾಡಿ, ಹೊಟ್ಟೆ ತುಂಬ ಉಂಡು ಮಲಗಿ.